ಹತ್ತನೆಯ ಗುರುತು

ಡಬ್ಬಿಯನ್ನು ಮಂಚದ ಮೇಲೆ ಬೋರಲು ಸುರಿದು ಮಗಳು ಮೂರನೆಯ ಸಲ ಎಣಿಸಿದಳು. ಎಂಟು ಕಿತ್ತಳೆ ಬಣ್ಣದ ಪಿನ್ನು, ಒಂದು ಹಸಿರು. ಒಂಬತ್ತು. ಹಾಸಿಗೆಯ ಮೇಲಿನ ಬಟ್ಟೆ ಕೊಡವಿದಳು, ಡಬ್ಬಿಯ ತಳಕ್ಕೆ ಹಾಸಿದ್ದ ಕಾಗದ ಕಿತ್ತು ನೋಡಿದಳು, ಮಂಡಿಯೂರಿ ಮಂಚದ ಕೆಳಗೆ ಕೈಯಾಡಿಸಿದಳು. ನೀಲಿ ಸಿಗಲಿಲ್ಲ.

"ಕಡ್ಡಿ ಸಿಕ್ತೇನೇ?" ಹೊರಕೋಣೆಯಿಂದ ಚಿಕ್ಕಮ್ಮ ಕೂಗಿದಳು. "ಒಂದು ಕಡ್ಡಿ ತರೋಕೆ ಇಷ್ಟೊತ್ತಾ? ನಾಲ್ಕಕ್ಕೆ ಗಾಡಿ ಬರುತ್ತೆ."

ಕಡ್ಡಿ ಸಿಕ್ಕಿ ಆಗಲೇ ಹತ್ತು ನಿಮಿಷವಾಗಿತ್ತು. ಮುಚ್ಚಳ ತೆಗೆದ ಕೂಡಲೇ ಎಲ್ಲಕ್ಕಿಂತ ಮೇಲೆ ಅದೇ ಇತ್ತು, ಹಿಡಿಯುವ ಜಾಗದಲ್ಲಿ ಬಣ್ಣ ಸವೆದು ಬಿಳಿಚಿಕೊಂಡ ಅಮ್ಮನ ಕ್ರೋಶಾ ಕಡ್ಡಿ. ಅದನ್ನು ತನ್ನಕ್ಕನ ಕೈಯಲ್ಲಿಟ್ಟೇ ಕೊನೆಯ ದಾರಿಗೆ ಕಳಿಸಬೇಕು ಎಂದು ಚಿಕ್ಕಮ್ಮ ಬೆಳಗ್ಗೆಯಿಂದ ಪಟ್ಟು ಹಿಡಿದಿದ್ದಳು. ಕಡ್ಡಿಯನ್ನಷ್ಟೇ ಎತ್ತಿಕೊಂಡು ಹೊರಗೆ ಹೋಗಬಹುದಿತ್ತು. ಆದರೆ ಆ ಮನೆಯಲ್ಲಿ ಬೆಳೆದವರು ಯಾರೂ ಆ ಡಬ್ಬಿಯನ್ನು ಎಣಿಸದೆ ಮುಚ್ಚುವುದಿಲ್ಲ.

ಅವು ಹೆಣಿಗೆಗೆ ಸಿಕ್ಕಿಸುವ ಗುರುತುಗಳು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ, ಪುಟ್ಟ ಬೀಗದಂತೆ ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಪಿನ್ನುಗಳು. ಅಮ್ಮ ಹೆಣೆಯುತ್ತಿದ್ದದ್ದು ಹೆಚ್ಚಾಗಿ ಟೋಪಿಗಳನ್ನೇ, ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ. ಟೋಪಿ ನೆತ್ತಿಯಿಂದ ಶುರುವಾಗಿ ಸುತ್ತುಸುತ್ತಾಗಿ ಕೆಳಗಿಳಿಯುತ್ತಿತ್ತು. ಸುತ್ತು ಎಲ್ಲಿ ಶುರುವಾಯಿತೆಂದು ತೋರಿಸಲು ಮೊದಲ ಕುಣಿಕೆಗೆ ಹಸಿರು. ಕುಣಿಕೆ ಹೆಚ್ಚಿಸಬೇಕಾದ ಎಂಟು ಕಡೆ ಎಂಟು ಕಿತ್ತಳೆ. ನೀಲಿಯದು ಬೇರೆಯೇ ಕೆಲಸ. ಬಾಗಿಲು ಬಡಿದ ಸದ್ದಿಗೋ ಒಲೆಯ ಮೇಲಿನ ಹಾಲಿಗೋ ಅರ್ಧಕ್ಕೆ ಬಿಟ್ಟು ಏಳಬೇಕಾದಾಗ, ಕಡ್ಡಿಯಿಂದ ಬಿಡಿಸಿದ ಕೊನೆಯ ಕುಣಿಕೆಗೆ ನೀಲಿ ಸಿಕ್ಕಿಸುತ್ತಿದ್ದಳು, ತಾನಿಲ್ಲದಾಗ ಹೆಣಿಗೆ ಬಿಚ್ಚಿಹೋಗಬಾರದೆಂದು. ಟೋಪಿ ಮುಗಿದ ಮೇಲೆ ಹತ್ತೂ ಡಬ್ಬಿಗೆ ಮರಳಬೇಕು. ಹತ್ತು ಎಣಿಸುವ ತನಕ ಟೋಪಿ ಹೊಸಿಲು ದಾಟುವಂತಿರಲಿಲ್ಲ.

ಈ ಮಂಗಳವಾರ ಎಣಿಸದೆಯೇ ಟೋಪಿ ದಾಟಿತ್ತು. ದಾಟಿಸಿದವಳು ಮಗಳೇ.

*

"ನಿಲ್ಲೇ, ಎಣಿಸಿಲ್ಲ."

"ಅಮ್ಮಾ, ಬಸ್ಸು ಹೋಗುತ್ತೆ."

ಮಗಳಿಗೆ ಎರಡು ಬೀದಿ ಆಚೆ ಮನೆ, ದೊಡ್ಡ ರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸ. ಮಂಗಳವಾರ ಸಂಜೆಯ ಪಾಳಿಗೆ ಹೋಗುವ ದಾರಿಯಲ್ಲಿ ಆಸ್ಪತ್ರೆಗೆ ಟೋಪಿ ಮುಟ್ಟಿಸುವುದು ಅವಳ ಪಾಲಿನ ಕೆಲಸವಾಗಿತ್ತು. ಆ ವಾರ ಏಳು ಟೋಪಿಗಳಿದ್ದವು. ಏಳನೆಯದರ ಕೊನೆಯ ದಾರ ಆಗಷ್ಟೇ ಕತ್ತರಿಸಿದ್ದ ಅಮ್ಮ ಮಡಿಲಲ್ಲಿ ಚೆಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. ಒಂದು ಜಾರಿತು. ಮತ್ತೆ ಹೆಕ್ಕಿದಳು, ಮತ್ತೆ ಜಾರಿತು.

"ಎರಡು ನಿಮಿಷ ತಾಳು. ಈ ಕೈ ಇವತ್ತು ಯಾಕೋ ನನ್ನ ಮಾತು ಕೇಳ್ತಿಲ್ಲ."

"ಪ್ರತಿ ವಾರ ಇದೇ ಗೋಳು! ಹದಿನೆಂಟು ವರ್ಷದಲ್ಲಿ ಒಂದು ಸಲನಾದ್ರೂ ಒಂಬತ್ತು ಬಂದಿದ್ಯಾ? ಎಣಿಸಿ ಎಣಿಸಿ ಎಲ್ಲರ ಪ್ರಾಣ ತಿಂತೀಯ."

ಟೋಪಿಗಳನ್ನು ಚೀಲಕ್ಕೆ ತುಂಬಿಕೊಂಡು ಅವಳು ಮೆಟ್ಟಿಲಿಳಿದಳು. ಹಿಂದಿನಿಂದ "ತಾಳೇ" ಎಂದದ್ದು ಕೇಳಿಸಿತು. ಕೇಳಿಸದವಳಂತೆ ಹೋದಳು. ಬುಧವಾರ ಎರಡು ಪಾಳಿ ಒಟ್ಟಿಗೆ ಬಿದ್ದು ಬರಲಾಗಲಿಲ್ಲ. ಗುರುವಾರ ಬೆಳಗ್ಗೆ ಅಮ್ಮ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ, ನೋವೇನೂ ಗೊತ್ತಾಗಿರುವುದಿಲ್ಲ ಎಂದು ಡಾಕ್ಟರು ಹೇಳಿದರು. ನೋವು ಯಾರಿಗೆ ಗೊತ್ತಾಗಬೇಕೋ ಅವರಿಗೆ ಗೊತ್ತಾಗುತ್ತಿತ್ತು.

*

ಶುಕ್ರವಾರ ಮಧ್ಯಾಹ್ನ. ಹೊರಕೋಣೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ಬಿಳಿ ಹೊದಿಕೆ, ಕಾಲ ಬಳಿ ಹೂವು. ತಲೆಯ ಪಕ್ಕದ ಕುರ್ಚಿಯಲ್ಲಿ ಅಪ್ಪ. ಒಂದು ಕಾಲದಲ್ಲಿ ಅಳತೆಕೋಲಿಲ್ಲದೆ ಗೀಟು ಎಳೆಯುತ್ತಿದ್ದ, ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದ ಮನುಷ್ಯ. ಈಗ ನಾಲ್ಕು ವರ್ಷದಿಂದ ಅವನ ಕಣ್ಣಿನ ನಡುವೆ ಒಂದು ಮಬ್ಬು ಕಲೆ ಕೂತಿದೆ. ಅಂಚಿನಲ್ಲಿರುವುದು ಕಾಣುತ್ತದೆ, ಎದುರಿಗಿರುವುದು ಕಾಣುವುದಿಲ್ಲ. ಬಲಗೈಯ ಬೆರಳುಗಳನ್ನು ಹೆಂಡತಿಯ ಹಣೆಯ ಮೇಲಿಟ್ಟುಕೊಂಡೇ ಬಂದವರೊಡನೆ ಮಾತಾಡುತ್ತಿದ್ದ.

ಗೋಡೆಯ ಬದಿ ಆಸ್ಪತ್ರೆಯ ಲಾಂಡ್ರಿಯವರು ನಾಲ್ಕೈದು ಮಂದಿ ಕೂತಿದ್ದರು. ಅಮ್ಮ ಮೂವತ್ತು ವರ್ಷ ಅಲ್ಲೇ ಹೊದಿಕೆ, ದಿಂಬಿನ ಚೀಲ ಇಸ್ತ್ರಿ ಮಾಡಿದವಳು.

"ಕೆಲಸ ಬಿಟ್ಟ ದಿನ ನಮಗೆಲ್ಲ ಒಂದೊಂದು ಟೋಪಿ ಕೊಟ್ಟಳು," ಇಸ್ತ್ರಿಯವ ಹೇಳುತ್ತಿದ್ದ. "ಯಾಕಮ್ಮ ಅಂದ್ರೆ, 'ಮೂವತ್ತು ವರ್ಷ ಜೊತೆಗಿದ್ದು ನಿಮಗೊಬ್ಬರಿಗೂ ಟೋಪಿ ಹಾಕ್ಲಿಲ್ಲ ಅನ್ನಿಸ್ಕೋಬಾರದಲ್ಲ' ಅಂದ್ಲು."

ಒಬ್ಬಿಬ್ಬರು ನಕ್ಕು, ನಕ್ಕಿದ್ದಕ್ಕೆ ನಾಚಿ ಬಾಯಿಗೆ ಕೈ ಅಡ್ಡ ಹಿಡಿದರು.

"ನಕ್ಕರೆ ನಗಿ," ಎಂದ ಅಪ್ಪ. "ಅವಳೇನು ಅಳುಮುಂಜಿ ಅಲ್ಲ."

ಮಗಳು ಕಡ್ಡಿಯನ್ನು ಚಿಕ್ಕಮ್ಮನ ಕೈಗಿತ್ತಳು. ಹೆಜ್ಜೆಯ ಸದ್ದಿನಿಂದಲೇ ಅಪ್ಪನಿಗೆ ಗುರುತು ಸಿಕ್ಕಿತು.

"ಡಬ್ಬಿ ಸದ್ದಾಯ್ತಲ್ಲ. ಎಣಿಸಿದ್ಯಾ?"

ಈ ಹೊತ್ತಿನಲ್ಲಿ ಈ ಮನುಷ್ಯನ ತಲೆಗೆ ಇನ್ನೊಂದು ಹುಳು ಬಿಡುವುದೇ? "ಇಲ್ಲಪ್ಪ. ಕಡ್ಡಿ ಮಾತ್ರ ತಗೊಂಡೆ," ಎಂದಳು.

"ಸರಿ ಬಿಡು."

ಗೋಡೆ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು. "ಆಸ್ಪತ್ರೆಗೆ ಹೋಗಿ ಬರ್ತೀನಿ, ಒಂದು ಕಾಗದ ಬೇಕಂತೆ," ಎಂದು ಚಿಕ್ಕಮ್ಮನ ಕಿವಿಯಲ್ಲಿ ಉಸುರಿ ಚಪ್ಪಲಿ ಮೆಟ್ಟಿದಳು.

"ಈಗಲಾ? ಹೆತ್ತ ತಾಯಿ ಮಲಗಿದ್ದಾಳೆ, ನಿನಗೆ ಕಾಗದದ ಚಿಂತೆಯಾ? ಯಾರನ್ನಾದ್ರೂ ಕಳಿಸೇ!"

ಯಾರನ್ನು ಕಳಿಸುವುದು, ಏನೆಂದು ಹೇಳಿ ಕಳಿಸುವುದು? ನನ್ನ ತಾಯಿಯ ಕೊನೆಯ ಟೋಪಿಯೊಳಗೆ ಪಿನ್ನು ಉಳಿದಿರಬಹುದು, ಯಾವುದೋ ಮಗುವಿನ ತಲೆಗೆ ಚುಚ್ಚುತ್ತಿರಬಹುದು, ಎಣಿಸಲು ಬಿಡದವಳು ನಾನು ಎಂದೇ? ಅವಳು ಹೊರಟಳು. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಗಾಳಿ ತಣ್ಣಗಿತ್ತು. ಮಂಗಳವಾರ ಆ ಬಸ್ಸಿಗಾಗಿ ಓಡಿದ ರಸ್ತೆಯಲ್ಲೇ ಅರ್ಧ ಓಡುತ್ತ ಅರ್ಧ ನಡೆಯುತ್ತ ಹೋದಳು.

*

ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡಿಗೆ ಹೋಗುವವರು ಚಪ್ಪಲಿ ಹೊರಗೆ ಬಿಟ್ಟು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು. ತೊಳೆದ ಕೈಗಳನ್ನು ಮುಂದಕ್ಕೆ ಹಿಡಿದುಕೊಂಡು ಒಳಗೆ ಬಂದವಳನ್ನು ಕಂಡು ಹಿರಿಯ ನರ್ಸು ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು.

"ನೀನ್ಯಾಕೆ ಇಲ್ಲಿ? ನಾಲ್ಕಕ್ಕೆ ನಾವೇ ಬರ್ತಿದ್ದೀವಲ್ಲ."

"ಸಿಸ್ಟರ್, ಮಂಗಳವಾರ ತಂದ ಟೋಪಿ ಎಲ್ಲಿವೆ? ಡಬ್ಬೀಲಿ ಒಂದು ಕಮ್ಮಿ ಇದೆ."

ಏನು ಕಮ್ಮಿ ಎಂದು ನರ್ಸು ಕೇಳಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು.

*

ಹತ್ತೊಂಬತ್ತು ವರ್ಷದ ಹಿಂದೆ ಅಮ್ಮನ ಬಳಿ ಗುರುತಿಗೆಂದು ಬೇರೆ ಸಾಮಾನು ಇರಲಿಲ್ಲ. ಕೈಗೆ ಏನು ಸಿಕ್ಕರೂ ನಡೆಯುತ್ತಿತ್ತು. ಕಾಗದದ ಕ್ಲಿಪ್ಪು ಉಣ್ಣೆಯನ್ನು ಹಿಂಜುತ್ತಿತ್ತು, ಕೂದಲಿನ ಪಿನ್ನು ಜಾರಿ ಬೀಳುತ್ತಿತ್ತು, ಬೇರೆ ಬಣ್ಣದ ದಾರದ ತುಂಡು ಎಳೆಯುವಾಗ ತನ್ನ ನೂಲನ್ನು ಹೆಣಿಗೆಯಲ್ಲೇ ಬಿಟ್ಟು ಬರುತ್ತಿತ್ತು. ಕೊನೆಗೆ ಸೇಫ್ಟಿ ಪಿನ್ನೇ ವಾಸಿ ಎಂದಾಯಿತು. ಬಿಳಿ ಉಣ್ಣೆ, ಬೆಳ್ಳಗೆ ಹೊಳೆಯುವ ಪಿನ್ನು. ಒಂದು ಟೋಪಿಯ ಅಂಚನ್ನು ಎರಡು ಮಡಿಕೆ ಮಾಡಿ ಮುಗಿಸಿದಾಗ ಮಡಿಕೆಯೊಳಗೆ ಒಂದು ಪಿನ್ನು ಉಳಿದುಹೋಯಿತು.

ಸಿಕ್ಕಿದ್ದು ಮಾರನೆಯ ದಿನ, ಮಗುವಿನ ಕಿವಿಯ ಹಿಂದೆ ಕೆಂಪು ಗೀರು ಕಂಡಾಗ. ಗೀರು ಎರಡೇ ದಿನದಲ್ಲಿ ಮಾಸಿತು. ಮಗು ತಿಂಗಳಾದ ಮೇಲೆ ಗುಂಡುಗುಂಡಾಗಿ ಮನೆಗೆ ಹೋಯಿತು. ಯಾರೂ ಅಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತೇನೋ. ಅವಳು ಉಣ್ಣೆ, ಕಡ್ಡಿ ಎಲ್ಲವನ್ನೂ ಕಟ್ಟಿ ಅಟ್ಟದ ಮೇಲೆಸೆದಳು. ಒಂದು ವರ್ಷ ಅತ್ತ ತಿರುಗಿ ನೋಡಲಿಲ್ಲ. ಆ ವರ್ಷ ಊಟಕ್ಕೆ ಕೂತಾಗಲೂ ಅವಳ ಬೆರಳು ತಟ್ಟೆಯ ಅಂಚಿನ ಸುತ್ತ ಸುಮ್ಮನೆ ಏನನ್ನೋ ಹುಡುಕುತ್ತಿದ್ದುದನ್ನು ಹದಿನಾಲ್ಕು ವರ್ಷದ ಮಗಳು ನೋಡಿದ್ದಳು.

ಚಳಿಗಾಲ ಬಂದಾಗ ವಾರ್ಡಿನಿಂದಲೇ ಹೇಳಿಕಳಿಸಿದರು, ಟೋಪಿ ಸಾಲುತ್ತಿಲ್ಲ ಎಂದು. ಅಮ್ಮ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಮಗಳನ್ನು ಕರೆದುಕೊಂಡು ಉಣ್ಣೆ ಅಂಗಡಿಗೆ ಹೋದಳು.

ಅಂಗಡಿಯವನು ಮೊದಲು ತೋರಿಸಿದ್ದು ಥಳಥಳ ಹೊಳೆಯುವ ಪುಟ್ಟ ಬಳೆಗಳನ್ನು. ಮಗಳಿಗೆ ಅವೇ ಇಷ್ಟವಾದವು. ಅಮ್ಮ ಪಕ್ಕಕ್ಕೆ ಸರಿಸಿದಳು.

"ಇವು ಎರಡು ಕಡ್ಡೀಲಿ ಹೆಣೆಯೋರಿಗೆ. ಕಡ್ಡಿ ಮೇಲೆ ಜಾರ್ಕೊಂಡು ಹೋಗ್ತವೆ. ನನ್ನದು ಒಂದೇ ಕೊಕ್ಕೆ, ಕುಣಿಕೆಗೇ ಸಿಕ್ಕಿಸಬೇಕು. ಬಾಯಿಲ್ಲದ ಬಳೆ ಒಳಗೆ ಸೇರ್ಕೊಂಡ್ರೆ ಕತ್ತರಿ ಹಾಕೇ ತೆಗೀಬೇಕು."

ಆಮೇಲೆ ಬಂದದ್ದು ಮುಚ್ಚದೆ ಬಾಯಿ ಬಿಟ್ಟುಕೊಂಡೇ ಇರುವ ಕೊಕ್ಕೆಗಳು. ಅಮ್ಮ ಚೀಲದಿಂದ ಹೆಣಿಗೆಯ ತುಂಡೊಂದನ್ನು ತೆಗೆದು ಅದಕ್ಕೆ ಸಿಕ್ಕಿಸಿ ಮೂರು ಸಲ ಕೊಡವಿದಳು. ಕೊಕ್ಕೆ ಹಾರಿ ಗಲ್ಲಾಪೆಟ್ಟಿಗೆಯ ಮೇಲೆ ಬಿತ್ತು. "ಬೇಡ." ಲೋಹದ್ದು ಬಂತು. ನೋಡಲೂ ಇಲ್ಲ. ಬಾಯಿ ಮುಚ್ಚುವ ಪ್ಲಾಸ್ಟಿಕ್ಕಿನದು ಬಂದಾಗ ಮಾತ್ರ ಕೈಗೆತ್ತಿಕೊಂಡಳು. ತೆರೆದಳು, ಮುಚ್ಚಿದಳು, ಕಿವಿಯ ಹತ್ತಿರ ಹಿಡಿದು ಮತ್ತೆ ಮುಚ್ಚಿದಳು. ಟಿಕ್ ಎಂದು ಕೇಳಿಸಬೇಕು ಅವಳಿಗೆ. ಅಂಚನ್ನು ಕೆಳತುಟಿಗೆ ಉಜ್ಜಿಕೊಂಡು ತರಿ ಇದೆಯೇ ಎಂದು ನೋಡಿದಳು. ಕೊನೆಗೆ ಬಿಳಿಯವನ್ನೆಲ್ಲ ಬೇರೆ ತೆಗೆದು ವಾಪಸು ಕೊಟ್ಟಳು.

"ಅಮ್ಮಾ, ಮದುವೆಗೆ ಗಂಡು ನೋಡೋಕೂ ಯಾರೂ ಇಷ್ಟು ಹೊತ್ತು ತಗೊಳ್ಳಲ್ಲ," ಎಂದ ಅಂಗಡಿಯವನು.

"ಅಲ್ಲಿ ಎಡವಟ್ಟಾದ್ರೆ ಅನುಭವಿಸೋಳು ನಾನೊಬ್ಬಳೇ ಕಣಪ್ಪ."

ಹತ್ತು ಪಿನ್ನು ಕೊಂಡಳು. ಕಳೆದರೆ ಇರಲೆಂದು ಇನ್ನೆರಡು ತಗೊಳ್ಳಿ ಎಂದ ಅಂಗಡಿಯವನಿಗೆ ಬೇಡವೆಂದಳು. ಹೆಚ್ಚಿಗೆ ಇದ್ದರೆ ಕಳೆದದ್ದು ಗೊತ್ತಾಗುವುದಿಲ್ಲ ಎಂಬುದು ಅವಳ ಲೆಕ್ಕ.

*

ನಾಲ್ಕು ಟೋಪಿ ಬೀರುವಿನಲ್ಲೇ ಇದ್ದವು. ಮಗಳು ಒಂದೊಂದರ ಮಡಿಕೆ ಬಿಚ್ಚಿ, ಒಳಹೊರಗು ತಿರುಗಿಸಿ, ಅಂಚಿನುದ್ದಕ್ಕೂ ಬೆರಳಲ್ಲಿ ಹಿಸುಕಿ ನೋಡಿದಳು. ಏನೂ ಇರಲಿಲ್ಲ. ಎರಡು ಟೋಪಿ ಗಾಜಿನ ಪೆಟ್ಟಿಗೆಗಳೊಳಗಿನ ಮಕ್ಕಳ ತಲೆಯ ಮೇಲಿದ್ದವು. ಹಿರಿಯ ನರ್ಸು ಪೆಟ್ಟಿಗೆಯ ಪಕ್ಕದ ಕಿಂಡಿಯಿಂದ ಕೈ ತೂರಿಸಿ ಎರಡೇ ಬೆರಳಲ್ಲಿ ಟೋಪಿ ಕಳಚಿದಳು. ಮುಷ್ಟಿಯಷ್ಟೇ ಇದ್ದ ತಲೆ. ತಣ್ಣಗಾಗಿದ್ದಕ್ಕೆ ಮಗು ಮುಖ ಕಿವಿಚಿತು. ನರ್ಸು ಕಿವಿಗಳ ಹಿಂದೆ ನೋಡಿದಳು, ಮಡಿಕೆ ಬಿಚ್ಚಿ ನೋಡಿದಳು, ಮತ್ತೆ ತೊಡಿಸಿದಳು. ಎರಡನೆಯದರಲ್ಲೂ ಇಲ್ಲ.

"ಏಳನೇದು?"

"ನಿನ್ನೆ ಸಂಜೆ ಒಂದು ಮಗೂನ ಮನೆಗೆ ಕಳಿಸಿದ್ದಾರೆ. ಟೋಪಿ ಹಾಕ್ಕೊಂಡೇ ಹೋಗಿದೆ." ನರ್ಸಿನ ದನಿ ಇಳಿಯಿತು. "ತಲೆಗೆ ಹಾಕೋ ಮುಂಚೆ ಪ್ರತಿಯೊಂದನ್ನೂ ನಾನೇ ಬಿಚ್ಚಿ ನೋಡ್ತೀನಿ. ನಿನ್ನೆ ನನಗೆ ರಜ."

ಪುಸ್ತಕದಿಂದ ನಂಬರು ಹುಡುಕಿ ಫೋನು ಮಾಡಿದರು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಮಾಡಿದರು. ಮೂರಾಯಿತು, ಮೂರೂ ಕಾಲಾಯಿತು. ಯಾರೂ ಎತ್ತಲಿಲ್ಲ.

"ನಾನೇ ಎಣಿಸೋಕೆ ಬಿಡ್ಲಿಲ್ಲ ಸಿಸ್ಟರ್," ಎಂದಳು ಮಗಳು. ಎರಡು ದಿನದಿಂದ ಎಲ್ಲರ ಮುಂದೆ ಒಣಗಿಯೇ ಇದ್ದ ಅವಳ ಕಣ್ಣು ಈಗ ತುಂಬಿತು. "ತಾಳೇ ಅಂತ ಕೂಗಿದ್ಲು. ನಾನು ತಿರುಗಿ ನೋಡ್ಲಿಲ್ಲ. ಹದಿನೆಂಟು ವರ್ಷ ಕಾಪಾಡ್ಕೊಂಡು ಬಂದಿದ್ದನ್ನ ಕೊನೇ ದಿನ ನಾನು ಹಾಳು ಮಾಡ್ಬಿಟ್ಟೆ."

ನರ್ಸು ಅವಳನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಕೂತಳು.

"ಆವತ್ತು ಆ ಸೇಫ್ಟಿ ಪಿನ್ನಿನ ಟೋಪೀನ ಮಗು ತಲೆಗೆ ಹಾಕಿದ್ದು ಯಾರು ಗೊತ್ತಾ? ನಾನು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಹೊಸ ಬಟ್ಟೆ ಯಾವುದೇ ಬಂದ್ರೂ ಬಿಚ್ಚಿ ನೋಡಿ ಹಾಕಬೇಕು ಅಂತ ನಿಯಮ. ನಾನು ನೋಡಿರಲಿಲ್ಲ. ದೊಡ್ಡವರು ಕೇಳಿದಾಗ ನಿಮ್ಮಮ್ಮ 'ತಪ್ಪು ನನ್ನದು' ಅಂತ ಮುಂದೆ ಬಂದು ನಿಂತ್ರು, ನನ್ನ ಕಡೆ ಕಣ್ಣು ಕೂಡ ಹಾಯಿಸ್ಲಿಲ್ಲ. ನನ್ನ ಕೆಲಸ ಉಳೀತು. ಒಂದು ದಿನಕ್ಕೂ ಆ ಮಾತು ಎತ್ತಲಿಲ್ಲ ಅವರು."

ಮಗಳು ಅವಳ ಮುಖವನ್ನೇ ನೋಡಿದಳು. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಫೋನ್ ಎತ್ತೋ ತನಕ ಮಾಡ್ತಾನೇ ಇರ್ತೀನಿ. ಎತ್ತದಿದ್ರೆ ಆ ಮನೆಗೇ ಹೋಗ್ತೀನಿ. ಅಮ್ಮನ್ನ ಕಳಿಸೋಕೆ ಬರೋದಾಗದಿದ್ರೂ ಪರವಾಗಿಲ್ಲ, ಅವರಿಗೆ ಇದೇ ಇಷ್ಟವಾಗೋದು. ನೀನು ಹೊರಡು. ಹೊತ್ತಾಯ್ತು."

*

ಗಾಡಿ ಹೊತ್ತಿಗೆ ಮುಂಚೆಯೇ ಬಂದು ಬಾಗಿಲಲ್ಲಿ ನಿಂತಿತ್ತು. ಚಿಕ್ಕಮ್ಮ ಮೆಟ್ಟಿಲ ಮೇಲೆಯೇ ಅವಳನ್ನು ಹಿಡಿದುಕೊಂಡಳು.

"ಬಂದ್ಯಾ ಮಹಾತಾಯಿ! ನಿಮ್ಮಪ್ಪನ್ನ ನೋಡು. ಹೊರಗೆ ಚಳಿ, ಸ್ವೆಟರ್ ಹಾಕ್ಕೊಂಡು ಬರ್ತೀನಿ ಅಂತ ಒಳಗೆ ಹೋಗಿ ಹತ್ತು ನಿಮಿಷ ಆಯ್ತು. ಯಾವಾಗ್ಲೂ ಹಿಂದುಮುಂದಾಗಿ ಹಾಕ್ಕೊಳ್ಳೋ ಮನುಷ್ಯ, ನಾನು ಸಹಾಯಕ್ಕೆ ಹೋದ್ರೆ ಬೇಡ ಅಂತ ಬಾಗಿಲು ಹಾಕ್ಕೊಂಡ."

ಮಗಳು ಮೆಲ್ಲಗೆ ಬಾಗಿಲು ತಳ್ಳಿದಳು. ಅಪ್ಪ ಮಂಚದ ಮೇಲೆ ಕೂತಿದ್ದ. ಮಡಿಲಲ್ಲಿ ಅಮ್ಮ ಹೆಣೆದುಕೊಟ್ಟ ಬೂದು ಬಣ್ಣದ ಸ್ವೆಟರ್. ಅದರ ಕುತ್ತಿಗೆ ಹಿಂದೂ ಮುಂದೂ ಒಂದೇ ಸಮ. ಕಣ್ಣಿದ್ದವರೂ ಒಂದು ಗಳಿಗೆ ಯೋಚಿಸಬೇಕು. ಅಪ್ಪ ಗೋಡೆಯತ್ತ ಮುಖ ಮಾಡಿಕೊಂಡು ಕುತ್ತಿಗೆಯ ಅಂಚಿನುದ್ದಕ್ಕೂ ನಿಧಾನವಾಗಿ ಬೆರಳು ಸರಿಸುತ್ತಿದ್ದ. ಒಂದು ಕಡೆ ಬೆರಳು ನಿಂತಿತು.

"ಹಾಂ. ಇದು ಮುಂದೆ," ಎಂದು ತನಗೆ ತಾನೇ ಹೇಳಿಕೊಂಡ.

ಅವನ ಬೆರಳ ಕೆಳಗೆ, ಅಂಚಿನ ಒಳಮಗ್ಗುಲಿಗೆ, ನೀಲಿ ಪಿನ್ನು.

ಮಗಳು ಅವನ ಪಕ್ಕದಲ್ಲಿ ಕೂತಳು.

"ಅಪ್ಪಾ. ಇದು ಯಾವಾಗ ಹಾಕಿದ್ದು?"

"ಇದಾ? ಬುಧವಾರ. ಬೆಳಿಗ್ಗೆ ಮತ್ತೆ ಉಲ್ಟಾ ಹಾಕ್ಕೊಂಡು ಅಂಗಡಿವರೆಗೂ ಹೋಗಿ ಬಂದಿದ್ದೆ. ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕಳು. ಆಮೇಲೆ ಸುಮ್ಮನಾಗಿಬಿಟ್ಟಳು. 'ದಿನಾ ನಾನೇ ನೋಡಿ ಹೇಳ್ತಾ ಕೂರಕ್ಕಾಗುತ್ತಾ? ತಗೊಳ್ಳಿ, ಬೆರಳಿಗೆ ಸಿಗುತ್ತೆ' ಅಂತ ಇದನ್ನ ಸಿಕ್ಕಿಸಿಕೊಟ್ಟಳು."

"ಡಬ್ಬಿಯಿಂದ ತೆಗೆದಾ?"

"ನಾನೂ ಅದೇ ಕೇಳಿದೆ. ಅಲ್ಲ ಕಣೇ, ನಿನ್ನ ಡಬ್ಬೀಲಿ ಒಂಬತ್ತಾಗಲ್ವಾ ಅಂದೆ. 'ಆಗ್ಲಿ, ಇದು ಎಲ್ಲಿದೆ ಅಂತ ನನಗೆ ಗೊತ್ತಲ್ಲ' ಅಂದ್ಲು."

"ಮಂಗಳವಾರ... ಮಂಗಳವಾರ ನಾನು ಹೋದ ಮೇಲೆ?"

"ಹೋದ ಮೇಲೆ ಎಣಿಸಿದ್ಲು. ನನಗೆ ಕೇಳಿಸ್ಲಿ ಅಂತ ಜೋರಾಗಿ, ಒಂದು, ಎರಡು ಅಂತ. ಹತ್ತಿತ್ತು. 'ನೋಡಿ, ಅವಳು ಹೇಳಿದ್ದೇ ಸರಿ, ಸುಮ್ಮನೆ ಹುಡುಗೀನ ತಡೆದೆ' ಅಂದ್ಲು. ಬಸ್ಸು ಸಿಕ್ತೋ ಇಲ್ವೋ ಅಂತ ಊಟದ ಹೊತ್ತಲ್ಲೂ ಅದೇ ಮಾತು." ಅಪ್ಪ ಅವಳ ಕಡೆ ಓರೆಯಾಗಿ ತಿರುಗಿದ, ಅಂಚುಗಣ್ಣಿನಲ್ಲಿ ಅವಳನ್ನು ಹಿಡಿಯಲು. "ಬಸ್ಸು ಸಿಕ್ತಾ?"

"ಸಿಕ್ತಪ್ಪ."

ಅವಳು ಅವನ ಹೆಗಲಿಗೆ ಮುಖ ಒತ್ತಿ ಅತ್ತಳು. ಮಗುವಾಗಿದ್ದಾಗ ಅತ್ತಂತೆ, ಮೂಗು ಬಾಯಿ ಎಲ್ಲ ಒದ್ದೆಯಾಗುವಂತೆ ಅತ್ತಳು. ಅಪ್ಪ ಅವಳ ತಲೆ ಸವರುತ್ತ ಕೂತ. ಯಾಕೆಂದು ಕೇಳಲಿಲ್ಲ. ಆವತ್ತು ಆ ಮನೆಯಲ್ಲಿ ಅಳುವುದಕ್ಕೆ ಕಾರಣ ಕೇಳುವ ಅಗತ್ಯವಿರಲಿಲ್ಲ. ಆಮೇಲೆ ಅವಳು ಕಣ್ಣೊರೆಸಿಕೊಂಡು ವಾರ್ಡಿಗೆ ಫೋನು ಮಾಡಿದಳು. "ಸಿಕ್ತು ಸಿಸ್ಟರ್. ನಮ್ಮನೇಲೇ ಇತ್ತು."

ಅವಳ ಮಾತು ಕೇಳಿಸಿಕೊಂಡಿದ್ದ ಅಪ್ಪ ಪಿನ್ನಿನ ಬಾಯಿಯನ್ನು ಹೆಬ್ಬೆರಳಲ್ಲಿ ತಡಕಿದ. "ಇದು ಡಬ್ಬಿಗೆ ಬೇಕೇನು? ಹತ್ತು ತುಂಬಬೇಕಾದ್ರೆ ತಗೋ. ನಾನು ಹೇಗೋ ಮಾಡ್ಕೋತೀನಿ."

ಪಿನ್ನು ಆಗಲೇ ಅರ್ಧ ತೆರೆದಿತ್ತು. ಮಗಳು ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಅದನ್ನು ಒತ್ತಿ ಮುಚ್ಚಿದಳು. ಟಿಕ್ ಎಂದಿತು. ಸ್ವೆಟರನ್ನು ಅವನ ತಲೆಯ ಮೇಲಿಂದ ಇಳಿಸಿ, ತೋಳುಗಳನ್ನು ಸರಿಮಾಡಿದಳು. ಮಂಚದ ಮೇಲೆ ಚೆಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಒಂಬತ್ತು ಎಂದು ಬಾಯಿಬಿಟ್ಟೇ ಎಣಿಸಿ, ಮುಚ್ಚಳ ಹಾಕಿದಳು.

ಹೊರಗೆ ಅಮ್ಮನನ್ನು ಎತ್ತಿದರು. ಹೊದಿಕೆಯ ಅಂಚಿನಲ್ಲಿ ಅವಳ ಬಲಗೈ ಕಾಣುತ್ತಿತ್ತು, ಬೆರಳುಗಳ ನಡುವೆ ಸವೆದ ಕಡ್ಡಿ. ಲಾಂಡ್ರಿಯವರು ದಾರಿ ಬಿಟ್ಟು ನಿಂತರು. ಚಿಕ್ಕಮ್ಮ ಜೋರಾಗಿ ಅತ್ತಳು. ಎಲ್ಲರಿಗಿಂತ ಹಿಂದೆ ಮಗಳ ತೋಳು ಹಿಡಿದು ಬಂದ ಅಪ್ಪ ಹೊಸಿಲ ಬಳಿ ನಿಂತ. ಇನ್ನೊಂದು ಕೈಯನ್ನೆತ್ತಿ ಕುತ್ತಿಗೆಯ ಅಂಚಿನೊಳಗೆ ಒಂದು ಬೆರಳು ತೂರಿಸಿ ತಡಕಿದ. ಗಂಟಲ ಕೆಳಗೆ, ಸರಿಯಾಗಿ ನಡುವೆ, ಅದು ಇತ್ತು. ಬೆರಳನ್ನು ಅಲ್ಲೇ ಇಟ್ಟುಕೊಂಡು ಅವನು ಮೊದಲ ಮೆಟ್ಟಿಲಿಗೆ ಕಾಲಿಟ್ಟ.